ಉಮ್ಮತ್ತೂರಿನ ಬಯಲಿನಲ್ಲಿ ವಿಶ್ವಕಪ್ಪು

ಚಾಮರಾಜನಗರದಿಂದ ಉತ್ತರಾಭಿಮುಖವಾಗಿ ಹೊರಟವನಿಗೆ ಉಮ್ಮತ್ತೂರು ಬಹಳ ದೂರವಲ್ಲ. ಬಸ್ಸಿನ ಕಿಟಕಿಯ ಪಕ್ಕದಲ್ಲಿ ಕುಳಿತು ಅರಿಸಿನದ ಹೊಲಗಳನ್ನೂ ತೆಂಗಿನ ತೋಟಗಳನ್ನೂ ನೋಡುತ್ತ, ಪೂರ್ವದಿಕ್ಕಿನಲ್ಲಿ ನೀಲಿಯಾಗಿ ಮಲಗಿರುವ ಬಿಳಿಗಿರಿರಂಗನ ಬೆಟ್ಟಕ್ಕೆ ಮನಸ್ಸಿನಲ್ಲೇ ಕೈಮುಗಿಯುವಷ್ಟರಲ್ಲಿ ಊರು ಬಂದುಬಿಡುತ್ತದೆ. ಮೊದಲ ನೋಟಕ್ಕೆ ಇದು ನಮ್ಮ ಸೀಮೆಯ ನೂರಾರು ಹಳ್ಳಿಗಳಲ್ಲಿ ಒಂದು: ಅಂಗಡಿ ಸಾಲು, ಅರಳಿಕಟ್ಟೆ, ಕಟ್ಟೆಯ ಮೇಲೆ ಹೊತ್ತು ಕಳೆಯುವ ಹಿರಿಯರು. ಐನೂರು ವರ್ಷಗಳ ಹಿಂದೆ ಈ ಊರಿನ ಒಡೆಯರು ವಿಜಯನಗರದ ಸಿಂಹಾಸನವನ್ನೇ ಕೆಣಕಿದ್ದರೆಂಬುದು ಯಾರಾದರೂ ಹೇಳದ ಹೊರತು ಹೊಸಬರಿಗೆ ತಿಳಿಯುವಂತಿಲ್ಲ.

ಆದರೆ ಊರೊಳಗೆ ನಾಲ್ಕು ಹೆಜ್ಜೆ ನಡೆದರೆ ಕಲ್ಲುಗಳು ತಾವೇ ಮಾತನಾಡತೊಡಗುತ್ತವೆ. ಭುಜಂಗೇಶ್ವರನ ಗುಡಿ, ರಂಗನಾಥನ ಗುಡಿ, ಸುತ್ತಲಿನ ಜನರೆಲ್ಲ ನಡೆದುಕೊಳ್ಳುವ ಉರುಕಾತೇಶ್ವರಿ ಅಮ್ಮನ ಸನ್ನಿಧಿ, ಅಲ್ಲಲ್ಲಿ ಶಾಸನಗಳು. ಊರಾಚೆಗೆ ಕುರುಚಲು ಕಾಡು. ಅದು ಕೃಷ್ಣಮೃಗಗಳ ನೆಲೆ. ತಿರುಚಿದ ಕೊಂಬಿನ ಗಂಡುಮೃಗವೊಂದು ನಿಂತಲ್ಲಿಂದಲೇ ಚಿಮ್ಮಿ ಕ್ಷಣಾರ್ಧದಲ್ಲಿ ಪೊದೆಗಳ ನಡುವೆ ಕಣ್ಮರೆಯಾಗುವುದನ್ನು ಕಂಡವರು ಓಟವೆಂದರೇನೆಂಬುದನ್ನು ಮತ್ತೆ ಯಾರಿಂದಲೂ ಕೇಳಿ ತಿಳಿಯಬೇಕಾಗಿಲ್ಲ.

ನಾನು ಅಲ್ಲಿಗೆ ಹೋದದ್ದು ಗುಡಿಗಾಗಿಯೂ ಅಲ್ಲ, ಮೃಗಗಳಿಗಾಗಿಯೂ ಅಲ್ಲ. ಆ ಕಡೆಯಲ್ಲಿ ಉಪಾಧ್ಯಾಯರಾಗಿರುವ ನನ್ನ ಮಿತ್ರರೊಬ್ಬರು, "ಬಿಡುವಿದ್ದಾಗ ಬಂದು ನಮ್ಮ ಮಕ್ಕಳಿಗೆ ಒಲಿಂಪಿಕ್ಸ್ ವಿಷಯ ನಾಲ್ಕು ಮಾತು ಹೇಳಿ. ಅವರಿಗೆ ಕ್ರಿಕೆಟ್ಟಿನ ಆಚೆಗೆ ಪ್ರಪಂಚವೇ ಇಲ್ಲ" ಎಂದು ಬರೆದಿದ್ದರು. ಮಕ್ಕಳಲ್ಲಿ ಉತ್ಸಾಹ ತುಂಬುವುದು ಕೊಡಕ್ಕೆ ನೀರು ತುಂಬಿದಷ್ಟೇ ಸುಲಭವೆಂದು ನಂಬಿದ್ದ ನಾನು ಒಡನೆಯೇ ಒಪ್ಪಿದೆ. ಚೀಲದಲ್ಲಿ ಪ್ರಪಂಚದ ನಕ್ಷೆಯಿತ್ತು, ಐದು ಬಳೆಗಳ ಚಿತ್ರವಿತ್ತು, ತಲೆಯಲ್ಲಿ ಭಾಷಣವೂ ಸಿದ್ಧವಾಗಿತ್ತು.

ರಜೆಯ ದಿನ ಮಧ್ಯಾಹ್ನ. ಬಯಲಿನ ಅಂಚಿನ ಹುಣಸೆಮರದ ನೆರಳಿನಲ್ಲಿ ಮೂವತ್ತು ಮೂವತ್ತೈದು ಮಕ್ಕಳು ಕುಳಿತಿದ್ದರು. ನಾನು ನಕ್ಷೆಯನ್ನು ಮರಕ್ಕೆ ತೂಗುಹಾಕಿ 1896ರ ಅಥೆನ್ಸಿನಿಂದ ಆರಂಭಿಸಿದೆ. 1952ರಲ್ಲಿ ಹೆಲ್ಸಿಂಕಿಯಲ್ಲಿ ಕುಸ್ತಿಯ ಕಂಚು ಗೆದ್ದ ಜಾಧವರ ಬಳಿಗೆ ಬರುವಷ್ಟರಲ್ಲಿ ಹಿಂದಿನ ಸಾಲಿನ ಹುಡುಗರು ಹುಣಸೆಬೀಜಗಳನ್ನು ಹಂಚಿಕೊಳ್ಳುತ್ತಿದ್ದರು. ಟೋಕಿಯೋದಲ್ಲಿ ನೀರಜ್ ಚೋಪ್ರಾ ಈಟಿಯನ್ನು 87.58 ಮೀಟರ್ ದೂರ ಎಸೆದರೆಂದಾಗ ಮಾತ್ರ ಒಬ್ಬ ಹುಡುಗ ಕಣ್ಣರಳಿಸಿ, "ಆ ಮರದ ಗಂಟ ಹೋಯ್ತದಾ ಸಾರ್?" ಎಂದು ಕೇಳಿದ. ಹೋಗುತ್ತದೆ ಎಂದೆ. ಎಲ್ಲರೂ ಮರವನ್ನು ನೋಡಿದರು. ಆ ಬಳಿಕ ಮತ್ತೆ ಬೀಜಗಳ ವ್ಯವಹಾರ ಮುಂದುವರಿಯಿತು. ಅವರ ತಪ್ಪೇನೂ ಇಲ್ಲ. ಈಟಿಯನ್ನು ಕಣ್ಣಿನಿಂದ ಕಾಣದ, ಅಥೆನ್ಸಿನ ಹೆಸರೇ ಕೇಳದ ಮಕ್ಕಳ ಮುಂದೆ ನಾನು ಅನ್ನವಿಲ್ಲದ ಎಲೆಯನ್ನು ಹಾಸಿ ಊಟಕ್ಕೆ ಏಳಿ ಎನ್ನುತ್ತಿದ್ದೆ.

ನನ್ನ ಪಾಡನ್ನು ಕಂಡು ಮಿತ್ರರು ಮೆಲ್ಲನೆ ನಕ್ಕು ಮುಂದೆ ಬಂದರು. "ಗಂಗರಾಜನ ಕಥೆ ಯಾರಿಗೆ ಗೊತ್ತು?" ಎಂದರು. ಹತ್ತು ಕೈಗಳು ಮೇಲೆದ್ದವು. ಉಮ್ಮತ್ತೂರಿನ ಗಂಗರಾಜ ವಿಜಯನಗರಕ್ಕೆ ತಲೆಬಾಗಲಿಲ್ಲ; ಈ ಮನೆತನದವರು ಪೆನುಗೊಂಡೆಯ ಚಕ್ರೇಶ್ವರರೆಂದೇ ಬಿರುದು ಧರಿಸಿದ್ದವರು. ಪಟ್ಟಕ್ಕೆ ಬಂದ ಹೊಸದರಲ್ಲಿ, 1510ರ ಸುಮಾರಿಗೆ, ಕೃಷ್ಣದೇವರಾಯ ದಂಡೆತ್ತಿ ಬಂದ. ಕಡೆಗೆ ಶಿವನಸಮುದ್ರದ ಕೋಟೆಯೂ ಮುತ್ತಿಗೆಗೆ ಸಿಲುಕಿತು. ತಪ್ಪಿಸಿಕೊಳ್ಳಹೊರಟ ಗಂಗರಾಜ ಕಾವೇರಿಯಲ್ಲಿ ಮುಳುಗಿದ. "ಅಂದರೆ ರಾಯ ಬೆನ್ನಟ್ಟಿದವನು, ಗಂಗರಾಜ ಓಡಿದವನು. ಇದು ಯಾವ ಆಟ?" ಎಂದು ಮೇಷ್ಟರು ಕೇಳಿದ್ದೇ ತಡ, "ಖೋ-ಖೋ!" ಎಂದು ಮರವೇ ನಡುಗುವಂತೆ ಕೂಗೆದ್ದಿತು. "ಗೆರೆ ದಾಟಿ ಹೊಳೆಗೆ ಬಿದ್ದ, ಔಟು!" ಎಂದ ಹುಣಸೆಬೀಜದ ಹುಡುಗ.

ನನಗೆ ಆಗ ಬುದ್ಧಿ ಬಂದಿತು. ನಕ್ಷೆಯನ್ನು ಸುತ್ತಿಟ್ಟು, "ಖೋ-ಖೋಗೂ ವಿಶ್ವಕಪ್ಪು ನಡೆದಿದೆ, ಗೊತ್ತೆ?" ಎಂದೆ. ಹಲವರು ನಂಬಲಿಲ್ಲ. 2025ರ ಜನವರಿಯಲ್ಲಿ ದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ಮೊಟ್ಟಮೊದಲ ಖೋ-ಖೋ ವಿಶ್ವಕಪ್ಪು ಜರುಗಿತು. 23 ದೇಶಗಳ ತಂಡಗಳು ಬಂದಿದ್ದವು. ಗಂಡಸರಲ್ಲೂ ಹೆಂಗಸರಲ್ಲೂ ಕಪ್ಪು ಭಾರತಕ್ಕೇ ಬಂದಿತು. "ಹೆಂಗಸರ ಫೈನಲಿನಲ್ಲಿ ಮಿಂಚಿದ ಆಟಗಾರ್ತಿಯ ಊರು ಯಾವುದು ಹೇಳಿ ನೋಡೋಣ" ಎಂದೆ. ಬೆಂಗಳೂರು ಎಂದರು, ಮುಂಬಯಿ ಎಂದರು. "ಕುರುಬೂರು" ಎಂದೆ.

ಒಂದು ಗಳಿಗೆ ಮೌನ. ಅನಂತರ ಮುಂದಿನ ಸಾಲಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ನರಸೀಪುರದ ತಾವ ಇರೋ ಕುರುಬೂರಾ ಸಾರ್? ನಮ್ಮ ಚಿಕ್ಕವ್ವನ ಆ ಕಡೀಕೇ ಕೊಟ್ಟಿರೋದು!"

ಅದೇ ಕುರುಬೂರು, ನೆರೆಯ ತಾಲ್ಲೂಕಿನ ಹಳ್ಳಿ. ಅಲ್ಲಿನ ರೈತನ ಮಗಳು ಬಿ. ಚೈತ್ರಾ. ಆ ಕ್ಷಣದಿಂದ ನಾನು ಭಾಷಣ ಮಾಡಲಿಲ್ಲ. ಮಕ್ಕಳೇ ನನ್ನನ್ನು ಪ್ರಶ್ನೆಗಳಿಂದ ಬೆನ್ನಟ್ಟಿದರು. ಮೊದಲ ಪಂದ್ಯದಲ್ಲಿ ನಮ್ಮವರು ದಕ್ಷಿಣ ಕೊರಿಯಾವನ್ನು 175-18ರಿಂದ ಸೋಲಿಸಿದರೆಂದಾಗ ನಕ್ಕು ಉರುಳಾಡಿದರು. ಫೈನಲಿನ ಎದುರಾಳಿ ನೇಪಾಳ. ಹುಣಸೆಬೀಜಗಳನ್ನೇ ಕೇಳಿ ಪಡೆದು ನೆಲದ ಮೇಲೆ ಹರವಿ ಆ ಆಟವನ್ನು ನಡೆಸಿ ತೋರಿಸಿದೆ. ನಾಲ್ಕು ಸರದಿಗಳ ಆಟ. ಮೊದಲ ಸರದಿ ಮುಗಿದಾಗ 34-0. ಎರಡನೆಯದರಲ್ಲಿ ನೇಪಾಳ ಬೆನ್ನಟ್ಟಿ 24 ಅಂಕ ಗಳಿಸಿತು. ಮೂರನೆಯದರಲ್ಲಿ ನಮ್ಮವರು 73ಕ್ಕೆ ಏರಿದರು. ಕಡೆಯ ಸರದಿಯಲ್ಲಿ ಚೈತ್ರಾ ಇದ್ದ ಗುಂಪು ಐದು ನಿಮಿಷಗಳಿಗೂ ಮೀರಿ ಪೂರ್ತಿ ಔಟಾಗದೆ ಉಳಿಯಿತು. 78-40; ಕಪ್ಪು ನಮ್ಮದು. ಐದು ನಿಮಿಷ ಎಷ್ಟು ದೀರ್ಘವೆಂಬುದನ್ನು ನಾನು ವಿವರಿಸಬೇಕಾಗಲಿಲ್ಲ. ಆ ಮಕ್ಕಳು ಬಯಲಿನಲ್ಲಿ ಅರ್ಧ ನಿಮಿಷ ಓಡಿ ಸಿಕ್ಕಿಬಿದ್ದವರು. ಐದು ನಿಮಿಷದ ಬೆಲೆ ಅವರ ಕಾಲುಗಳಿಗೇ ಗೊತ್ತಿತ್ತು.

"ಅಲ್ಲೂ ಮಣ್ಣಲ್ಲೇ ಆಡ್ತಾರಾ ಸಾರ್?" ಎಂದಳು ಎರಡು ಜಡೆಯವಳು. ಇಲ್ಲ, ಮ್ಯಾಟಿನ ಮೇಲೆ ಎಂದೆ. ಅವಳು ತನ್ನ ಬರಿಗಾಲುಗಳನ್ನೊಮ್ಮೆ ನೋಡಿಕೊಂಡು ಸುಮ್ಮನಾದಳು.

ಮುಂದಿನ ಪ್ರಶ್ನೆ ಬಂದದ್ದು ಹುಡುಗರ ಕಡೆಯಿಂದ: "ಎಷ್ಟು ದುಡ್ಡು ಕೊಟ್ರು ಸಾರ್?" ಇದಕ್ಕೆ ಸಿಹಿಯಾದ ಸುಳ್ಳೊಂದನ್ನು ಹೇಳಬಹುದಾಗಿತ್ತು. ಹೇಳಲು ಮನಸ್ಸಾಗಲಿಲ್ಲ. ನಮ್ಮ ರಾಜ್ಯ ತಲಾ 5 ಲಕ್ಷ ರೂಪಾಯಿಗಳ ಬಹುಮಾನ ಪ್ರಕಟಿಸಿದಾಗ ಚೈತ್ರಾ ಹಾಗೂ ಗಂಡಸರ ತಂಡದಲ್ಲಿದ್ದ ಗೌತಮ್ ಅದು ತಮ್ಮ ಸಾಧನೆಗೆ ತಕ್ಕುದಲ್ಲವೆಂದು ಸ್ವೀಕರಿಸಲಿಲ್ಲ. ಅದೇ ಗೆಲುವಿಗೆ ಮಹಾರಾಷ್ಟ್ರ ತನ್ನ ಆಟಗಾರರಿಗೆ ಎರಡು ಕೋಟಿಗೂ ಮಿಗಿಲಾದ ಮೊತ್ತವನ್ನು ಘೋಷಿಸಿತ್ತು. ಇದನ್ನು ಇದ್ದಂತೆಯೇ ಹೇಳಿದೆ. ಮಕ್ಕಳ ಉತ್ಸಾಹ ಇಳಿದೀತೆಂದು ಅಂಜಿದ್ದೆ. "ಬ್ಯಾಡ ಅಂದ್ಲಾ? ಸರಿಯಾಗೇ ಮಾಡವ್ಳೆ!" ಎಂದಿತು ಒಂದು ಧ್ವನಿ. ಚಕ್ರೇಶ್ವರರ ಊರಿನ ನೀರು ಇನ್ನೂ ಬದಲಾಗಿಲ್ಲವೆಂದುಕೊಂಡೆ.

ಬಿಸಿಲು ಇಳಿಯಿತು. ಮೇಷ್ಟರು ಸುಣ್ಣದ ಪುಡಿ ತಂದು ಗೆರೆ ಎಳೆದರು. ಎರಡು ಕಂಬಗಳ ನಡುವಿನ ಸಾಲಿನಲ್ಲಿ ಎಂಟು ಮಂದಿ, ಒಬ್ಬರು ಆ ಕಡೆಗೆ ಒಬ್ಬರು ಈ ಕಡೆಗೆ ಮುಖ ಮಾಡಿ ಕುಳಿತರು. ಈ ಆಟದ ಸೊಗಸೆಲ್ಲ ಒಂದು ಅನ್ಯಾಯದಲ್ಲಿದೆ. ಓಡುವವನು ಸಾಲಿನ ನಡುವೆ ಹೇಗೆ ಬೇಕಾದರೂ ನುಸುಳಬಹುದು. ಬೆನ್ನಟ್ಟುವವನು ಹಿಡಿದ ದಿಕ್ಕನ್ನು ಬದಲಿಸುವಂತಿಲ್ಲ, ಸಾಲನ್ನು ದಾಟುವಂತಿಲ್ಲ. ಆದ್ದರಿಂದ ಎಷ್ಟೇ ವೇಗಶಾಲಿಯಾದರೂ ಒಬ್ಬಂಟಿಯಾಗಿ ಗೆಲ್ಲಲಾರ. ಕುಳಿತವನ ಬೆನ್ನು ತಟ್ಟಿ "ಖೋ" ಎಂದು ತನ್ನ ಓಟವನ್ನೇ ಅವನಿಗೆ ಒಪ್ಪಿಸಬೇಕು. ಎರಡು ಜಡೆಯವಳು ಓಡಲಿಳಿದಳು. ಕುರುಚಲು ಕಾಡಿನ ಕೃಷ್ಣಮೃಗ ನೆನಪಿಗೆ ಬಂದಿತು. ಮೂವರು ಬದಲಾಯಿಸಿ ಬೆನ್ನಟ್ಟಿದರೂ ಅವಳು ಸಿಗಲಿಲ್ಲ. ಹೊರಗೆ ನಿಂತವರು "ಚೈತ್ರಕ್ಕಾ! ಚೈತ್ರಕ್ಕಾ!" ಎಂದು ಕೂಗುತ್ತಿದ್ದರು, ಅದು ಅವಳ ಹೆಸರಲ್ಲ.

ಅಷ್ಟರಲ್ಲಿ ಅವಳ ಅಜ್ಜಿ ಹುಲ್ಲಿನ ಹೊರೆ ಹೊತ್ತು ಬಯಲಿನ ಪಕ್ಕಕ್ಕೆ ಬಂದಿತು. "ದನ ಕಟ್ಟಾಕೋರು ಯಾರು? ಹೆಣ್ಣೈಕ ಹಿಂಗೆ ಓಡಿ ಏನ್ ಮಾಡ್ಬೇಕು?" ಎಂದು ದೂರಿನಿಂದಲೇ ಗದರಿತು. ಆಟ ನಿಂತಿತು. ಮೇಷ್ಟರು ಮಾತನಾಡದೆ ತಮ್ಮ ಫೋನನ್ನು ಹೊರತೆಗೆದು ಫೈನಲಿನ ಕೆಲವು ಕ್ಷಣಗಳನ್ನು ಅಜ್ಜಿಯ ಮುಂದೆ ಹಿಡಿದರು. ಹೊರೆಯನ್ನು ಇಳಿಸದೆಯೇ ಅಜ್ಜಿ ನೋಡಿತು. "ಇವಳು ಯಾರ ಮಗಳು?" ಎಂದು ಕೇಳಿತು. "ಕುರುಬೂರಿನವಳು ಕಣವ್ವ. ನಿಮ್ಮಂಗೇ ಬೇಸಾಯದ ಮನೆ" ಎಂದರು ಮೇಷ್ಟರು. ಅಜ್ಜಿ ಇನ್ನಷ್ಟು ಹೊತ್ತು ನೋಡಿ, "ಆಡಿ ಬಾ, ಕತ್ತಲಾಗೋ ಮುಂಚೆ" ಎಂದು ಮೊಮ್ಮಗಳಿಗೆ ಹೇಳಿ ನಡೆಯಿತು. ಇದಕ್ಕಿಂತ ಹೆಚ್ಚಿನ ಗೆಲುವನ್ನು ಆ ದಿನ ನಾವು ನಿರೀಕ್ಷಿಸಿರಲಿಲ್ಲ.

ಸಂಜೆಯ ಬಸ್ಸಿಗೆ ಕಾಯುತ್ತಿದ್ದಾಗ ಮಿತ್ರರು ಹೇಳಿದರು: "ಹತ್ತನೆಯ ತರಗತಿಯವರೆಗೆ ಇವರು ಓಡುತ್ತಾರೆ. ಆಮೇಲೆ ಯಾರು ಓಡುತ್ತಾರೆಂಬುದು ಇವರ ಕೈಯಲ್ಲಿಲ್ಲ." ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮಕ್ಕಳಲ್ಲಿ ಉತ್ಸಾಹ ತುಂಬಲು ಹೋದವನಿಗೆ ತಿಳಿದದ್ದು ಇಷ್ಟೆ: ಅದು ಅವರಲ್ಲಿ ಮೊದಲೇ ಇದೆ. ಪ್ರಪಂಚದ ದೊಡ್ಡ ಪಂದ್ಯ ಅವರಿಗೆ ದೊಡ್ಡದಾಗಿ ಕಾಣುವುದು ಅದರ ಬಾಗಿಲು ತಮ್ಮ ಚಿಕ್ಕವ್ವನ ಊರಿನ ಹತ್ತಿರ ತೆರೆದಾಗ. ಅಲ್ಲಿಂದಾಚೆಗಿನ ಕೆಲಸ ದೊಡ್ಡವರದು. ಸುಣ್ಣದ ಗೆರೆ, ಸಂಜೆಯ ಒಂದು ಗಂಟೆ, ಮನೆಯವರ ಒಪ್ಪಿಗೆ, ಗೆದ್ದು ಬಂದವರಿಗೆ ತಕ್ಕ ಮರ್ಯಾದೆ. ಇವು ಮಕ್ಕಳು ತಾವೇ ಸಂಪಾದಿಸಿಕೊಳ್ಳಬೇಕಾದ ಪದಾರ್ಥಗಳಲ್ಲ.

ಬಸ್ಸು ಹೊರಟಿತು. ಬಯಲಿನಲ್ಲಿ ಇನ್ನೂ ಧೂಳು ಏಳುತ್ತಿತ್ತು. ಮಸುಕಿನಲ್ಲಿ ಯಾರು ಓಡುತ್ತಿದ್ದಾರೆ, ಯಾರು ಬೆನ್ನಟ್ಟುತ್ತಿದ್ದಾರೆ ಎಂಬುದು ಕಾಣುತ್ತಿರಲಿಲ್ಲ. "ಖೋ" ಎಂಬ ಕೂಗು ಮಾತ್ರ ತಿರುವಿನವರೆಗೂ ಕೇಳಿಸುತ್ತಿತ್ತು. ನಕ್ಷೆಯನ್ನು ಹುಣಸೆಮರದಡಿಯಲ್ಲೇ ಮರೆತು ಬಂದಿದ್ದೇನೆಂದು ಆಗ ನೆನಪಾಯಿತು. ಹಿಂದಕ್ಕೆ ಹೋಗಿ ತರಬೇಕೆನಿಸಲಿಲ್ಲ.