ನಮ್ಮ ಮನೆಯ ಗ್ಯಾಸ್ ಏಜೆನ್ಸಿ ಬದಲಾದದ್ದು

ಈ ಸಲದ ಗೋಡೆ ಪತ್ರಿಕೆಗೆ ನಿಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ಬರೆಯಿರಿ ಎಂದು ಕನ್ನಡ ಸರ್ ಹೇಳಿದರು. ನಾನು ಜಾತ್ರೆ ಬಗ್ಗೆ ಬರೆಯಬೇಕೆಂದಿದ್ದೆ. ಆದರೆ ಜಾತ್ರೆ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅದಕ್ಕೆ ನಮ್ಮ ಮನೆಯ ಸಿಲಿಂಡರ್ ವಿಷಯ ಬರೆಯುತ್ತಿದ್ದೇನೆ. ನಗಬೇಡಿರಿ, ಪೂರ್ತಿ ಓದಿರಿ.

ನಮ್ಮ ಮನೆಯ ಗ್ಯಾಸ್ ಅವ್ವನ ಹೆಸರಿನಲ್ಲಿದೆ. 2016ರ ಮೇ 1ರಂದು ಶುರುವಾದ ಉಜ್ವಲ ಯೋಜನೆಯಲ್ಲಿ ಕನೆಕ್ಷನ್ ಮನೆಯ ಹೆಣ್ಣುಮಗಳ ಹೆಸರಿಗೇ ಕೊಡುತ್ತಾರೆ. ಮನೆಗೆ ಸಿಲಿಂಡರ್ ಬಂದ ದಿನ ಅವ್ವ ಹೊಸ ಒಲೆಗೆ ಅರಿಷಿಣ ಕುಂಕುಮ ಹಚ್ಚಿ ಮೊದಲು ಹಾಲು ಕಾಸಿದಳು. ನಾವೆಲ್ಲ ಸುತ್ತ ನಿಂತು ನೋಡಿದೆವು. ಹೊಗೆ ಇಲ್ಲ, ಊದುಗೊಳವೆ ಇಲ್ಲ. ತಮ್ಮನಂತೂ ಚಪ್ಪಾಳೆ ಹೊಡೆದ.

ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ನಮಗೆ ಕನೆಕ್ಷನ್ ಕೊಟ್ಟ ಏಜೆನ್ಸಿಯ ಗಾಡಿ ನಮ್ಮ ಓಣಿಗೆ ಬರುತ್ತಿರಲಿಲ್ಲ. ಮೇನ್ ರೋಡಿನಲ್ಲಿ ನಿಲ್ಲಿಸಿ ಫೋನ್ ಮಾಡುತ್ತಿದ್ದರು. ಫೋನ್ ಅಪ್ಪನ ಹತ್ತಿರ, ಅಪ್ಪ ಹೊಲದಲ್ಲಿ. ಅಪ್ಪ ಬರುವುದರೊಳಗೆ ಗಾಡಿ ಹೋಗಿರುತ್ತಿತ್ತು. ಆಮೇಲೆ ಖಾಲಿ ಸಿಲಿಂಡರನ್ನು ಆಟೋದಲ್ಲಿ ಹಾಕಿಕೊಂಡು ನಾವೇ ಹೋಗಿ ತರಬೇಕು. ಆಟೋ ಬಾಡಿಗೆ ಬೇರೆ, ಅಪ್ಪನ ಒಂದು ದಿನದ ಕೂಲಿ ಹೋಗುವುದು ಬೇರೆ. ಬಿಲ್ಲಿನಲ್ಲಿರುವ ರೇಟಿನಲ್ಲಿ ಮನೆ ಬಾಗಿಲಿಗೆ ತಂದುಕೊಡುವ ಖರ್ಚೂ ಸೇರಿರುತ್ತದೆ ಎಂಬುದು ನಮಗೆ ಆಗ ಗೊತ್ತಿರಲಿಲ್ಲ.

ಹೀಗಾಗಿ ಸಿಲಿಂಡರ್ ಒಮ್ಮೆ ಖಾಲಿಯಾದರೆ ತಿಂಗಳುಗಟ್ಟಲೆ ಖಾಲಿಯೇ. ಅವ್ವ ಅದಕ್ಕೆ ಹಳೆ ಸೀರೆಯ ತುಂಡು ಹೊದಿಸಿ, ಮೇಲೆ ರೊಟ್ಟಿ ಬುಟ್ಟಿ ಇಟ್ಟಳು. ಮತ್ತೆ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಕುಳ್ಳು. ಮಳೆಗಾಲದಲ್ಲಿ ಕಟ್ಟಿಗೆ ಹಸಿಯಾಗಿ ಬೆಂಕಿಗಿಂತ ಹೊಗೆಯೇ ಹೆಚ್ಚು. ಶಾಲೆಗೆ ಬರುವ ಮೊದಲು ನಾನೂ ಒಲೆ ಊದುತ್ತಿದ್ದೆ. ನನ್ನ ಸಮವಸ್ತ್ರಕ್ಕೆ ಹೊಗೆ ವಾಸನೆ ಬರುತ್ತದೆ ಎಂದು ಬೆಂಚಿನಲ್ಲಿ ಕೆಲವರು ದೂರ ಸರಿದದ್ದು ನನಗೆ ನೆನಪಿದೆ. ಅವ್ವನಿಗೆ ಮೊದಲೇ ಕೆಮ್ಮು. ಹೋದ ವರ್ಷ ಶ್ರಾವಣದಲ್ಲಿ ಮಲಗಿದರೆ ಉಸಿರು ಹಿಡಿಯುತ್ತದೆಂದು ಗೋಡೆಗೆ ಒರಗಿ ಕುಳಿತೇ ರಾತ್ರಿ ಕಳೆಯುತ್ತಿದ್ದಳು. ಡಾಕ್ಟರು, "ಮೊದ್ಲ ಹೊಗಿ ಬಿಡ್ರಿ, ಆಮ್ಯಾಲ ನನ್ನ ಗುಳಿಗಿ ಕೆಲಸ ಮಾಡ್ತಾವ" ಎಂದರು. ಬಿಡು ಎಂದರೆ ಹೇಗೆ ಬಿಡುವುದು?

ಒಂದು ದಿನ ಹಿಂದಿನ ಓಣಿಯಲ್ಲಿ ಸಿಲಿಂಡರ್ ಗಾಡಿ ನಿಂತಿತ್ತು. ಅದು ಇನ್ನೊಂದು ಏಜೆನ್ಸಿಯದು, ವಾರಕ್ಕೊಮ್ಮೆ ಬರುತ್ತದೆ. ನಾನು ಧೈರ್ಯ ಮಾಡಿ ಕೇಳಿದೆ: "ಅಣ್ಣಾ, ನಮಗೂ ಒಂದು ಕೊಡ್ತೀರೇನ್ರಿ?"

"ನಿಮ್ದು ಬ್ಯಾರೆ ಏಜೆನ್ಸಿ ಅದ ತಂಗಿ. ನಮ್ಮ ಕಡಿ ಬದ್ಲಿ ಮಾಡಿಸ್ಕೊಂಡ್ರ ಕೊಡ್ತೀವಿ."

ಬದಲಿ ಮಾಡಿಸಲು ಬರುತ್ತದೆ! ಒಮ್ಮೆ ಯಾರು ಕೊಟ್ಟರೋ ಅವರದೇ ಕಾಯಂ ಎಂದು ನಾವೆಲ್ಲ ತಿಳಿದಿದ್ದೆವು. ಮರುದಿನ ವಿಜ್ಞಾನ ಸರ್‌ಗೆ ಕೇಳಿದೆ. ಮೊಬೈಲ್ ನಂಬರ್ ಅದೇ ಇಟ್ಟುಕೊಂಡು ಕಂಪನಿ ಬದಲಿಸುವಂತೆ ಗ್ಯಾಸಿಗೂ ಅವಕಾಶವಿದೆ ಎಂದರು. 2013ರ ಅಕ್ಟೋಬರಿನಲ್ಲಿ ಇದನ್ನು ಕೆಲವು ನಗರಗಳಲ್ಲಿ ಶುರು ಮಾಡಿ, 2014ರ ಜನವರಿಯಲ್ಲಿ ದೇಶದ ಬೇರೆ ಕಡೆಗೂ ತಂದರಂತೆ. ಒಂದೇ ಪ್ರದೇಶಕ್ಕೆ ಗ್ಯಾಸ್ ಕೊಡುವ ಏಜೆನ್ಸಿಗಳ ನಡುವೆ ಬದಲಿಸಬಹುದು. ಎರಡೂ ಏಜೆನ್ಸಿ ಒಂದೇ ಕಂಪನಿಯವಾದರೆ ಸಿಲಿಂಡರ್ ವಾಪಸ್ ಕೊಡುವುದು ಬೇಕಿಲ್ಲ, ಹೊಸ ಡಿಪಾಜಿಟ್ಟೂ ಇಲ್ಲ. ಬೇರೆ ಕಂಪನಿಗೆ ಹೋಗುವುದಾದರೆ ಮಾತ್ರ ಸಿಲಿಂಡರ್, ರೆಗ್ಯುಲೇಟರ್ ಹಿಂದಿರುಗಿಸಿ ಕಾಗದ ತೆಗೆದುಕೊಳ್ಳಬೇಕು. ನಮ್ಮದು ಒಂದೇ ಕಂಪನಿ.

ಅಪ್ಪ ಒಪ್ಪಲಿಲ್ಲ. "ಇರಾದು ಬಿಟ್ಟು ಇನ್ನೊಂದಕ್ಕ ಹೋದ್ರ ಇರಾದೂ ಹೋದೀತು" ಎಂದ. ಅವ್ವ ಏನೂ ಅನ್ನಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗದೆ ಗ್ಯಾಸ್ ಬುಕ್ಕು, ಆಧಾರ್ ಕಾರ್ಡನ್ನು ಚೀಲದಲ್ಲಿ ಹಾಕಿಕೊಂಡು, "ನಡಿ, ನಿನಗ ಓದಾಕ ಬರ್ತದ" ಎಂದಳು. ಇಬ್ಬರೂ ಬಸ್ಸಿಗೆ ರಾಯಚೂರಿಗೆ ಹೋದೆವು.

ಅಲ್ಲಿ ಅರ್ಜಿ ನಾನೇ ತುಂಬಿದೆ. ಅವ್ವನ ಬೆರಳನ್ನು ಮಷೀನಿನ ಮೇಲೆ ಇಡಿಸಿದರು. ಮಷೀನು ಒಪ್ಪಲಿಲ್ಲ. ಇನ್ನೊಂದು ಬೆರಳು, ಅದೂ ಇಲ್ಲ. ಕಳೆ ಕಿತ್ತು, ಹತ್ತಿ ಬಿಡಿಸಿ, ಅವ್ವನ ಬೆರಳಿನ ಗೆರೆಗಳು ಸವೆದಿವೆ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗತೊಡಗಿದರು. ನನಗೆ ಅಳು ಬಂತು. ಅಲ್ಲಿದ್ದ ಅಕ್ಕ ಒಬ್ಬರು, "ಕೈ ತೊಳ್ಕೊಂಡು ಒರಸ್ಕೊಂಡು ಬರ್ರಿ, ಗಡಿಬಿಡಿ ಬ್ಯಾಡ" ಎಂದರು. ನಾಲ್ಕನೇ ಸಲಕ್ಕೆ ಹಸಿರು ದೀಪ ಹತ್ತಿತು.

ಎರಡು ದಿನಕ್ಕೆ ಹಳೆ ಏಜೆನ್ಸಿಯಿಂದ ಫೋನ್ ಬಂತು. ಅಪ್ಪ ಫೋನನ್ನು ಅವ್ವನ ಕೈಗೆ ಕೊಟ್ಟ. "ಯಾಕ್ರಮ್ಮ ಬಿಟ್ಟು ಹೋಗ್ತೀರಿ? ಇನ್ಮುಂದ ಮನಿತನಕ ಕಳಸ್ತೀವಿ" ಎಂದರು. ಅವ್ವ ಹೇಳಿದ್ದು ಇಷ್ಟೇ: "ಎರಡು ವರ್ಷದಾಗ ನಮ್ಮ ಮನಿ ಎಲ್ಲದ ಅಂತ ನೀವು ಒಂದು ಸಲಾನೂ ಕೇಳಲಿಲ್ಲ. ಈಗ ಗೊತ್ತಾತೇನ್ರಿ?" ನಮ್ಮವ್ವ ಬಹಳ ಮಾತಾಡುವವಳಲ್ಲ. ಅಪ್ಪನೂ ಬಾಯಿ ತೆರೆದು ನೋಡಿದ. ಬಿಟ್ಟು ಹೋಗುತ್ತೇವೆ ಎಂದ ಮೇಲೆಯೇ ಅವ್ವನ ಮಾತು ಅವರಿಗೆ ಕೇಳಿಸಿತು ಎಂದು ನನಗೆ ಅವತ್ತು ಅನಿಸಿತು.

ಇದನ್ನೆಲ್ಲ ನೋಡಿ ತಮ್ಮ, "ಹಂಗಾದ್ರ ಕರೆಂಟನ್ನೂ ಬದ್ಲಿ ಮಾಡಮು" ಎಂದ. ಅದನ್ನೂ ಸರ್‌ಗೆ ಕೇಳಿದೆ. ಕರೆಂಟಿಗೆ ಆ ಅವಕಾಶ ನಮಗಿಲ್ಲ. ನಮ್ಮ ತಾತ ಇವತ್ತಿಗೂ ಕೆಇಬಿ ಎನ್ನುತ್ತಾನೆ. ಆ ವಿದ್ಯುತ್ ಮಂಡಳಿ ಆದದ್ದು 1957ರಲ್ಲಿ. 1999ರಲ್ಲಿ ಅದು ಕೆಪಿಟಿಸಿಎಲ್ ಆಯಿತು. 2002ರಿಂದ ನಮ್ಮ ಕಡೆ ಜೆಸ್ಕಾಂ. ಹೆಸರು ಮೂರಾದವು, ಕಂಬ ಅದೇ, ತಂತಿ ಅದೇ. ಶಕ್ತಿನಗರದಲ್ಲಿ 1985ರಿಂದ ಕರೆಂಟ್ ತಯಾರಾಗುತ್ತದೆ, 1720 ಮೆಗಾವ್ಯಾಟಿನ ದೊಡ್ಡ ಕೇಂದ್ರ ಅದು. ನಮ್ಮ ಜಿಲ್ಲೆಯಲ್ಲೇ ಇದ್ದರೂ ನಾವು ನೇರವಾಗಿ ಅಲ್ಲಿಂದ ಕೊಳ್ಳಲು ಬರುವುದಿಲ್ಲ. ಮುಂಬೈಯ ಉಪನಗರಗಳಲ್ಲಿ ಎರಡು ಕಂಪನಿಗಳಲ್ಲಿ ಒಂದನ್ನು ಮನೆಯವರೇ ಆರಿಸಬಹುದಂತೆ. ಇಂಗ್ಲೆಂಡಿನಲ್ಲಿ 1998-99ರಿಂದ ಎಲ್ಲ ಮನೆಗಳಿಗೂ ಗ್ಯಾಸ್, ಕರೆಂಟ್ ಎರಡನ್ನೂ ಬದಲಿಸುವ ಅವಕಾಶವಿದೆ. ಆದರೆ 2021ರ ನಂತರ ರೇಟು ಏರಿದಾಗ ಅಲ್ಲಿ ಹಲವು ಕಂಪನಿಗಳೇ ಮುಚ್ಚಿಹೋದವು. ನಮ್ಮ ದೇಶದಲ್ಲೂ ಒಂದೇ ಊರಿಗೆ ಹಲವು ಕಂಪನಿ ಕರೆಂಟ್ ಕೊಡಲು ಅನುಕೂಲವಾಗುವ ಮಸೂದೆಯನ್ನು 2022ರ ಆಗಸ್ಟಿನಲ್ಲಿ ಲೋಕಸಭೆಯಲ್ಲಿ ಮಂಡಿಸಿದರು, ಅದು ಕಾಯ್ದೆಯಾಗಲಿಲ್ಲ.

ಹಾಗಾದರೆ ಬಿಟ್ಟು ಹೋಗಲು ಬಾರದ ಕಡೆ ನಮ್ಮ ಮಾತು ಕೇಳಿಸುವುದು ಹೇಗೆ? ಈ ಬೇಸಿಗೆಯಲ್ಲಿ ನಮ್ಮ ಓಣಿಯ ಟಿಸಿ ಸುಟ್ಟಾಗ ಇದು ತಿಳಿಯಿತು. ತಾತ, "ಬಿಲ್ಲು ಸೊನ್ನಿ ಬರ್ತದ. ಪುಕ್ಕಟೆ ಕರೆಂಟಿಗೆ ಏನು ಕೇಳಾದು, ಸುಮ್ನಿರು" ಎಂದ. ನಾನು ಬಿಲ್ಲು ತಂದು ಓದಿದೆ. 2023ರಲ್ಲಿ ಬಂದ ಗೃಹಜ್ಯೋತಿಯಿಂದ ನಾವು ಕಟ್ಟುವುದು ಸೊನ್ನೆ ನಿಜ. ಆದರೆ ಉರಿಸಿದ ಯೂನಿಟ್ಟಿಗೆ ಸರಕಾರ ದುಡ್ಡು ಕಟ್ಟುತ್ತದೆ. ಅದು ಜನರ ದುಡ್ಡು. ತಾತ ಸುಮ್ಮನಾದ. ಹಳ್ಳಿಯಲ್ಲಿ ಟಿಸಿ ಸುಟ್ಟರೆ 72 ಗಂಟೆಯೊಳಗೆ ಬದಲಿಸಬೇಕೆಂಬ ನಿಯಮವಿದೆ ಎಂದು ಸರ್ ಹೇಳಿದರು. 1912ಕ್ಕೆ ಫೋನ್ ಮಾಡಿ, ದೂರಿನ ನಂಬರನ್ನು ನೋಟ್‌ಬುಕ್ಕಿನಲ್ಲಿ ತಾರೀಖು, ಟೈಮ್ ಸಮೇತ ಬರೆದಿಟ್ಟೆವು. ಓಣಿಯವರೆಲ್ಲ ಆರ್.ಆರ್. ನಂಬರ್ ಬರೆದು ಒಂದೇ ಅರ್ಜಿಗೆ ಸಹಿ, ಹೆಬ್ಬೆಟ್ಟು ಹಾಕಿದರು. ಮೂರನೇ ದಿನ ಬೇರೆ ಟಿಸಿ ಬಂತು. ಲೈನ್‌ಮನ್ ಅಣ್ಣನಿಗೆ ಓಣಿಯವರು ಚಹಾ ಕೊಟ್ಟರು.

ಈಗ ಗಾಡಿ ನಮ್ಮ ಬಾಗಿಲಿಗೇ ಬರುತ್ತದೆ. ಅವ್ವನ ಕೆಮ್ಮು ಪೂರ್ತಿ ಹೋಗಿಲ್ಲ, ಆದರೆ ರಾತ್ರಿ ಮಲಗುತ್ತಾಳೆ. ಸ್ನಾನದ ನೀರಿಗೆ ಇನ್ನೂ ಕಟ್ಟಿಗೆಯೇ, ಅದೂ ಹೊರಗೆ ಅಂಗಳದಲ್ಲಿ. ಮೊನ್ನೆ ಅಪ್ಪ, "ರೊಟ್ಟಿ ಕಟ್ಟಿಗಿ ಒಲಿ ಮ್ಯಾಲಿಂದೇ ರುಚಿ" ಎಂದ. ಅವ್ವ ಊದುಗೊಳವೆ ತಂದು ಅವನ ಮುಂದಿಟ್ಟು, "ಹಂಗಾದ್ರ ನೀವ ಊದ್ರಿ" ಎಂದಳು. ಅಪ್ಪ ಮತ್ತೆ ಆ ಮಾತು ತೆಗೆದಿಲ್ಲ.

ಗೆಳೆಯರೇ, ನಿಮ್ಮ ಮನೆಯಲ್ಲಿ ಇವಿಷ್ಟನ್ನು ಓದಿ ಹೇಳಿರಿ:

1. ಸಿಲಿಂಡರ್ ತೂಗಿಸಿ ತೆಗೆದುಕೊಳ್ಳಿರಿ. ಸಿಲಿಂಡರಿನ ಮೇಲೆ ಬರೆದ ಖಾಲಿ ತೂಕಕ್ಕೆ 14.2 ಕಿಲೋ ಕೂಡಿಸಿದಷ್ಟು ಇರಬೇಕು.

2. ಸಿಲಿಂಡರಿನ ಮೇಲ್ಭಾಗದ ಪಟ್ಟಿಯಲ್ಲಿ ಎ, ಬಿ, ಸಿ, ಡಿ ಅಕ್ಷರದ ಜೊತೆ ಇಸವಿ ಇರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಹೀಗೆ. ಆ ಅವಧಿ ಮುಗಿದಿದ್ದರೆ ಬೇರೆ ಸಿಲಿಂಡರ್ ಕೇಳಿರಿ.

3. ಗ್ಯಾಸ್ ಸೋರಿದರೆ 1906, ಕರೆಂಟಿನ ದೂರಿಗೆ 1912.

ಬುಕ್ಕಿನಲ್ಲಿ ಅವ್ವನ ಹೆಸರಿದ್ದರೂ ಅದರಲ್ಲಿ ಏನು ಬರೆದಿದೆ ಎಂದು ಎಷ್ಟೋ ಅವ್ವಂದಿರಿಗೆ ಗೊತ್ತಿಲ್ಲ. ನಮಗೆ ಓದಲು ಬರುತ್ತದೆ. ಓದಿ ಹೇಳೋಣ.


— 9ನೇ ತರಗತಿಯ ವಿದ್ಯಾರ್ಥಿನಿ, ಯಾಪಲದಿನ್ನಿ