ಅಪ್ಪ ಅಮ್ಮ ಇರುವ ಅನಾಥರು

2004ರಲ್ಲಿ ಕಾನರ್ ಗ್ರೆನನ್ ಎಂಬ ಅಮೆರಿಕದ ತರುಣ ಕಠ್ಮಂಡು ಬಳಿಯ ಗೋದಾವರಿಯಲ್ಲಿದ್ದ ಮಕ್ಕಳ ಮನೆಯೊಂದಕ್ಕೆ ಸ್ವಯಂಸೇವಕನಾಗಿ ಹೋದ. ಅಲ್ಲಿದ್ದವರೆಲ್ಲ ಅನಾಥರೆಂದೇ ನಂಬಿದ್ದ. ಆಮೇಲೊಂದು ದಿನ ಇಬ್ಬರು ಹುಡುಗರ ತಾಯಿ ಬಾಗಿಲಿಗೆ ಬಂದು ನಿಂತರು.

ನೇಪಾಳದಲ್ಲಿ 1996ರಿಂದ 2006ರವರೆಗೆ ಮಾವೋವಾದಿ ಯುದ್ಧ ನಡೆಯಿತು. ಆಗ ರಸ್ತೆಯೇ ಇಲ್ಲದಿದ್ದ ಹುಮ್ಲಾ ಜಿಲ್ಲೆಯಲ್ಲಿ, ಬಂಡುಕೋರರು ಮಕ್ಕಳನ್ನು ಒಯ್ದಾರೆಂಬ ಭಯ. ಓದಿಸುತ್ತೇವೆಂದ ದಲ್ಲಾಳಿಗಳ ಕೈಗೆ ದುಡ್ಡನ್ನೂ ಮಕ್ಕಳನ್ನೂ ಒಪ್ಪಿಸಿದವರು ಹೆತ್ತವರೇ. ಮುಂದೆ ಗ್ರೆನನ್ ಮಕ್ಕಳ ಫೋಟೋ ಹಿಡಿದು ಹುಮ್ಲಾದ ಬೆಟ್ಟಗಳಲ್ಲಿ ಅವರ ಮನೆಗಳನ್ನು ಹುಡುಕುತ್ತ ನಡೆದ.

ಕನ್ನಡದ 'ತಬ್ಬಲಿ'ಗೆ ನೇಪಾಳಿಯಲ್ಲಿ 'ಟುಹುರೊ' ಎನ್ನುತ್ತಾರೆ. 'ಅನಾಥ' ಎಂಬ ಪದವಂತೂ ಎರಡೂ ಕಡೆ ಒಂದೇ. ಆ ಪದ ಕಿವಿಗೆ ಬಿದ್ದ ಮೇಲೆ 'ಇವರ ಅಪ್ಪ ಅಮ್ಮ ಎಲ್ಲಿ?' ಎಂದು ಕೇಳಲು ಯಾರಿಗೂ ತೋಚುವುದಿಲ್ಲ. ವ್ಯಾಪಾರ ನಡೆಯುವುದು ಅದರಿಂದಲೇ. ವಿದೇಶದಿಂದ ಬರುವ ಸ್ವಯಂಸೇವಕರು ಹಣ ಕಟ್ಟುತ್ತಾರೆ. ಅವರು ಬರಬೇಕಾದರೆ ಮಕ್ಕಳಿರಬೇಕು. ಇಲ್ಲದಿದ್ದರೆ ಹಳ್ಳಿಗಳಿಂದ ತರಿಸಬೇಕು. 2018ರಲ್ಲಿ ಆಧುನಿಕ ಗುಲಾಮಗಿರಿ ಕಾಯ್ದೆ ತಂದ ಆಸ್ಟ್ರೇಲಿಯಾ, ಹೀಗೆ ಮಕ್ಕಳನ್ನು ಸಾಗಿಸುವುದೂ ಗುಲಾಮಗಿರಿಯೇ ಎಂದು ಒಪ್ಪಿಕೊಂಡಿತು.

ಹೋದವರ ಪ್ರೀತಿ ಸುಳ್ಳಲ್ಲ. ಆದರೆ ಎರಡು ವಾರಕ್ಕೊಬ್ಬ ಹೊಸ ಅಣ್ಣ, ಹೊಸ ಅಕ್ಕ ಬಂದು ಎತ್ತಿ ಆಡಿಸಿ ಹೊರಟರೆ, ಪ್ರತಿ ಸಲ ಹಿಂದೆ ಉಳಿಯುವುದು ಮಗು. ವಿಮಾನದ ಟಿಕೆಟ್ಟಿನ ದುಡ್ಡಿನಲ್ಲಿ ಅದೇ ಮಗು ತನ್ನೂರಿನಲ್ಲೇ, ತಾಯಿಯ ಜೊತೆಗಿದ್ದೇ ಶಾಲೆಗೆ ಹೋಗಬಹುದಿತ್ತು.

ಹುಟ್ಟುಹಬ್ಬಕ್ಕೆ ಊಟ ಹಾಕಿಸಲು ಪುಣೆಯ, ಚೆನ್ನೈನ ಆಶ್ರಮಕ್ಕೆ ಹೋಗುವವರೂ ಎಲೆ ಹಾಕುವ ಮೊದಲು ಕೇಳಬಹುದು: ಇವರ ಅಪ್ಪ ಅಮ್ಮ ಎಲ್ಲಿದ್ದಾರೆ?