ನೀರು ಒಪ್ಪಿದ ಮೇಲೆ ಮೀನು

ನಮ್ಮದು ಅಕ್ಕಲಕೋಟೆಯ ಲಿಂಗಾಯತ ಮನೆತನ. ಮೀನಿಗೂ ನಮಗೂ ಇದ್ದದ್ದು ಕಣ್ಣಿನ ಸಂಬಂಧವಷ್ಟೇ. ಸೊಲ್ಲಾಪುರದ ಸಿದ್ಧೇಶ್ವರ ಗುಡಿಗೆ ಹೋದಾಗ ಕೆರೆಯ ಮೆಟ್ಟಿಲ ಮೇಲೆ ಕೂತು ಚುರುಮುರಿ ಎಸೆಯುವುದು ಒಂದು ಬಗೆ. ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿ ಮುಂಬಯಿಗೆ ಹೋದವರು ಮರೀನ್ ಡ್ರೈವ್‌ನಲ್ಲಿ 1951ರಿಂದ ಇದ್ದ ತಾರಾಪೊರವಾಲಾ ಮತ್ಸ್ಯಾಲಯ ನೋಡಿ ಬಂದು, ಮುಂದಿನ ಸಿದ್ಧೇಶ್ವರನ ಗಡ್ಡೆಯ ಜಾತ್ರೆವರೆಗೂ ಅದನ್ನೇ ಹೇಳುವುದು ಇನ್ನೊಂದು ಬಗೆ. ಹೀಗಿರುವಾಗ ನಾನು ಸೊಲ್ಲಾಪುರದ ಮನೆಗೆ ಎರಡಡಿ ಉದ್ದದ ಗಾಜಿನ ತೊಟ್ಟಿ ತಂದೆನೆಂಬ ಸುದ್ದಿ ಅಕ್ಕಲಕೋಟೆ ಮುಟ್ಟಿತು. ನಲವತ್ತು ಕಿಲೋಮೀಟರ್ ಆಚೆಯಿಂದ ಆಯಿಯ ಫೋನು ಬಂತು.

“ತಿನ್ನಂಗಿಲ್ಲ, ಮಾರಂಗಿಲ್ಲ. ಮತ್ತ ಮೀನ ಯಾಕೋ ತಮ್ಮಾ?”

“ನೋಡ್ಲಾಕ, ಆಯಿ.”

“ನೋಡ್ಲಾಕ ಕೆರಿ ಅದಲ್ಲ!”

ಯಾವ ಯಾವ ಮೀನು ಬೇಕೆಂದು ಮಗಳು ಚಿತ್ರ ನೋಡಿ ಪಟ್ಟಿ ಮಾಡಿದ್ದಳು: ಏಂಜೆಲ್, ನಿಯಾನ್ ಟೆಟ್ರಾ, ಟೈಗರ್ ಬಾರ್ಬ್, ಗೋಲ್ಡ್‌ಫಿಶ್, ಫೈಟರ್. ಅಂಗಡಿಯವನು ನೇಕಾರರ ಮನೆಯ ತೆಲುಗಿನವ. ಒಳಗಿದ್ದ ಹೆಂಡತಿಗೆ ತೆಲುಗಿನಲ್ಲಿ, ಪಕ್ಕದ ಗಿರಾಕಿಗೆ ಮರಾಠಿಯಲ್ಲಿ ಮಾತಾಡುತ್ತಲೇ ನಮ್ಮ ಪಟ್ಟಿ ಓದಿ ಕನ್ನಡದಲ್ಲಿ ಕೇಳಿದ: “ಚಂದಂದು ಆಮ್ಯಾಲ ನೋಡೂಣ್ರಿ. ಮೊದಲ ನೀರ್ ಹೇಳ್ರಿ. ನಳದ್ದೋ, ಬೋರಿಂದೋ?” ಎರಡೂ ಕೂಡಿದ್ದು ಅಂದೆ.

ಸೊಲ್ಲಾಪುರ ನಿಂತಿರುವುದು ದಖ್ಖನ್ನಿನ ಕರಿಕಲ್ಲಿನ ಮೇಲೆ. ಆ ಕಲ್ಲಿನ ಬಿರುಕುಗಳಲ್ಲಿ ಇಳಿದು ಬೋರಿಗೆ ಬರುವ ನೀರು ಸುಣ್ಣದ ಅಂಶ ಹೊತ್ತು ಗಡಸಾಗಿರುತ್ತದೆ. ಅದರಲ್ಲಿ ತೊಗರಿ ಬ್ಯಾಳಿ ಬೇಗ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ನಿಯಾನ್ ಟೆಟ್ರಾ ಹುಟ್ಟಿದ್ದು ಅಮೆಜಾನಿನ ಉಪನದಿಗಳಲ್ಲಿ, ಉದುರಿದ ಎಲೆ ಕೊಳೆತು ಚಹದ ಬಣ್ಣಕ್ಕೆ ತಿರುಗಿದ, ತುಸು ಹುಳಿಯಾದ ಮೆದು ನೀರಿನಲ್ಲಿ. ಗಪ್ಪಿ, ಮೋಲಿ, ಪ್ಲಾಟಿಗಳಿಗೆ ಸುಣ್ಣದ ಗಡಸು ನೀರೇ ಹಿತ. ಅಂದರೆ ಪಟ್ಟಿಯ ಮೇಲೆ ಮೊದಲ ಕಾಟು ಹೊಡೆದದ್ದು ನಮ್ಮ ಊರಿನ ಕಲ್ಲು.

ಈ ವಿಚಾರಣೆ ನಮ್ಮ ಸೀಮೆಗೆ ಹೊಸದೇನಲ್ಲ. ಸೊಲ್ಲಾಪುರದಿಂದ ಮೂಡಣಕ್ಕೆ ನೂರು ಕಿಲೋಮೀಟರ್ ದಾಟಿದರೆ ಬಸವಕಲ್ಯಾಣ. ಅಲ್ಲಿಂದ ಆಳುತ್ತಿದ್ದ ಚಾಲುಕ್ಯರ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ರಚಿಸಿದ. ಅದರ ‘ಮತ್ಸ್ಯವಿನೋದ’ದಲ್ಲಿ ಸುಮಾರು 35 ಬಗೆಯ ಮೀನುಗಳಿವೆ. ಹೊಳೆಯದ್ದು ಯಾವುದು, ಕಡಲಿನದ್ದು ಯಾವುದು, ಹುರುಪೆ ಇದ್ದದ್ದೋ ಇಲ್ಲದ್ದೋ, ಮೈ ದೊಡ್ಡದೋ ಸಣ್ಣದೋ, ಯಾವುದಕ್ಕೆ ಯಾವ ಮೇವು, ಎಲ್ಲವೂ ಅಲ್ಲುಂಟು. ದೊರೆಯ ಮನಸ್ಸಿದ್ದದ್ದು ಗಾಳದ ಆಟದಲ್ಲಿ ನಿಜ. ಆದರೂ ಆತ ವಿಂಗಡಿಸಿದ ಕ್ರಮವೂ ನಮ್ಮ ಅಂಗಡಿಯವನ ಪ್ರಶ್ನೆಗಳೂ ಒಂದೇ ದಾರಿ ಹಿಡಿದಿವೆ: ನೀರು ಯಾವುದು, ಮೈ ಎಷ್ಟು, ತಿನ್ನುವುದೇನು. ಅದೇ ಶತಮಾನದಲ್ಲಿ ಇತ್ತ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಶರಣ ಸಿದ್ಧರಾಮ ಆ ಸಿದ್ಧೇಶ್ವರ ಗುಡಿಯ ಕೆರೆ ತೋಡಿಸಿದ. ದೊರೆ ಮೀನಿನ ಪಟ್ಟಿ ಬರೆದ, ಶರಣ ನೀರು ನಿಲ್ಲಿಸಿದ.

ಗಾಜಿನೊಳಗೆ ನೀರು ನಿಲ್ಲಿಸುವ ವಿದ್ಯೆ ಬಹಳ ತಡವಾಗಿ ಬಂತು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ ಒಂದು ಗಾಜಿನ ಪಾತ್ರೆಯಲ್ಲಿ ಎರಡು ಪುಟ್ಟ ಹೊಂಬಣ್ಣದ ಮೀನುಗಳನ್ನೂ ವ್ಯಾಲಿಸ್ನೇರಿಯಾ ಎಂಬ ನೀರುಗಿಡವನ್ನೂ ಇಟ್ಟ. ಗಿಡದ ಎಲೆ ಕೊಳೆತು ನೀರು ಕದಡಿತು. ಕೊಳೆತದ್ದನ್ನು ತಿನ್ನಲು ಬಸವನಹುಳು ಬಿಟ್ಟ, ನೀರು ತಿಳಿಯಾಯಿತು. 1850ರಲ್ಲಿ ಅವನು ಇದನ್ನು ಪ್ರಕಟಿಸಿದ. ಮೂರು ವರ್ಷದಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನಿನ ಮನೆಯೇ ಎದ್ದಿತು. ಗಾಜಿನ ತೊಟ್ಟಿಯ ಮೊದಲ ಹೊಂದಾಣಿಕೆ ಮೀನು ಮೀನಿನ ನಡುವಿನದಲ್ಲ. ಮೀನು, ಗಿಡ, ಹುಳುವಿನ ನಡುವಿನದು.

ನೀರಿನ ತಕರಾರು ಮುಗಿದ ಮೇಲೆ ಅಂಗಡಿಯವನು ಬಾಯಿಯ ಅಳತೆಗೆ ಬಂದ. ಒಂದರ ಬಾಯಲ್ಲಿ ಇನ್ನೊಂದು ಹಿಡಿಸುವುದಾದರೆ, ಇವತ್ತಲ್ಲ ನಾಳೆ ಹಿಡಿಸಿಯೇ ತೀರುತ್ತದೆ. ಏಂಜೆಲ್ ಹೆಸರಿಗೆ ದೇವದೂತ. ಬೆಳೆದ ಮೇಲೆ ಸಣ್ಣ ಟೆಟ್ರಾಗಳನ್ನು ನುಂಗುತ್ತದೆ. ಲಿಂಗಾಯತರ ಪಡಸಾಲೆಯಲ್ಲಿ ಅದು ನಡೆಯುವುದು ಬೇಡ ಅಂದೆ. ಟೈಗರ್ ಬಾರ್ಬ್ ಉದ್ದ ಬಾಲ ಕಂಡರೆ ಕಚ್ಚುತ್ತದೆ. ಏಳೆಂಟು ಜೊತೆಗಿದ್ದರೆ ಜಗಳ ತಮ್ಮತಮ್ಮೊಳಗೇ ಹಂಚಿಕೊಳ್ಳುತ್ತವೆ, ಅಷ್ಟಕ್ಕೆ ನಮ್ಮ ತೊಟ್ಟಿ ಸಾಲದು. ಗೋಲ್ಡ್‌ಫಿಶ್ ತಂಪು ನೀರಿನ ಜೀವ, ಹೊಲಸೂ ಹೆಚ್ಚು ಮಾಡುತ್ತದೆ. ಗಂಡು ಫೈಟರ್ ಇನ್ನೊಂದು ಗಂಡನ್ನು ಸಹಿಸುವುದಿಲ್ಲ, ಬಣ್ಣದ ಬಾಲದ ಗಪ್ಪಿಯನ್ನೂ ಎದುರಾಳಿಯೆಂದೇ ತಿಳಿಯುವುದುಂಟು. ಮಗಳ ಪಟ್ಟಿಯಲ್ಲಿ ಕಾಗದ ಮಾತ್ರ ಉಳಿಯಿತು.

ಹೊಸ ಪಟ್ಟಿಯಲ್ಲಿ ಮೊದಲು ಬಂದದ್ದು ಗಪ್ಪಿ. 1866ರಲ್ಲಿ ಟ್ರಿನಿಡಾಡಿನಿಂದ ಲಂಡನ್ನಿಗೆ ಅದನ್ನು ಕಳಿಸಿದ ಲೆಚ್ಮಿಯರ್ ಗಪ್ಪಿ ಎಂಬಾತನ ಹೆಸರು ಅದಕ್ಕೆ ಅಂಟಿಕೊಂಡಿದೆ. ಸೊಳ್ಳೆಮರಿ ತಿನ್ನುತ್ತದೆಂದು ನಮ್ಮ ದೇಶದ ಹೊಂಡ, ಗಟಾರಗಳಿಗೆಲ್ಲ ಮಲೇರಿಯಾ ಖಾತೆಯವರು ಬಿಟ್ಟ ಮೀನೂ ಇದೇ. ಆಮೇಲೆ ಮೈಮೇಲೆ ಪಟ್ಟೆ ಎಳೆದಂಥ ಝೀಬ್ರಾ ಡೇನಿಯೋ. ಒಂಟಿಯಾದರೆ ಅಂಜುತ್ತದೆ, ಅದಕ್ಕೇ ಆರು. ಇದನ್ನು 1822ರಲ್ಲಿ ಗಂಗಾನದಿಯ ಮೀನುಗಳ ಪುಸ್ತಕದಲ್ಲಿ ಮೊದಲು ವರ್ಣಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. 1800ರಲ್ಲಿ ಬುಕಾನನ್ ಎಂಬ ಹೆಸರಿನಿಂದ ಮೈಸೂರು, ಕನ್ನಡ ಜಿಲ್ಲೆಗಳನ್ನೆಲ್ಲ ಸುತ್ತಿ ರಾಗಿ, ಅಡಿಕೆಯ ಲೆಕ್ಕ ಬರೆದವನೇ ಈತ. ಕೊನೆಗೆ ಒಂದು ಜೋಡಿ ಹನಿ ಗೌರಾಮಿ. ಅವು ಸೌಮ್ಯ ಸ್ವಭಾವದವು. ನೀರು ಕಾದಷ್ಟೂ ಅದರಲ್ಲಿ ಪ್ರಾಣವಾಯು ಕಡಿಮೆ. ಗೌರಾಮಿಗೆ ತಲೆಯೊಳಗೆ ಬೇರೆಯೇ ಉಸಿರಿನ ಅಂಗವಿದೆ, ಮೇಲೆ ಬಂದು ಗಾಳಿ ಗುಟುಕರಿಸುತ್ತದೆ. ಮೇ ತಿಂಗಳಲ್ಲಿ 43 ಡಿಗ್ರಿ ಕಾಣುವ ಊರಿಗೆ ಇದಕ್ಕಿಂತ ಲಾಯಕ್ಕಾದ ಮೀನು ಬೇಕೆ? ನಳದ ನೀರನ್ನು ಹಂಡೆ, ಡ್ರಮ್ಮುಗಳಲ್ಲಿ ತುಂಬಿಡುವ ಸೊಲ್ಲಾಪುರದವರ ರೂಢಿಯೂ ಇಲ್ಲಿ ಕೆಲಸಕ್ಕೆ ಬಂತು: ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ.

ಆಯಿ ಒಮ್ಮೆ ಬಂದು ತೊಟ್ಟಿಯ ಮುಂದೆ ಕೂತಳು. ಗಪ್ಪಿ ಮೊಟ್ಟೆಯಿಡದೆ ತಿಂಗಳಿಗೊಮ್ಮೆ ಮರಿಯನ್ನೇ ಹಾಕುತ್ತದೆ, ತೊಟ್ಟಿ ತುಂಬೀತೆಂದು ಬರೀ ಗಂಡು ತಂದಿದ್ದೇನೆ ಅಂದೆ.

“ಅಂದ್ರ ಇದು ಮಠ ಆತಲ್ಲೋ!” ಅಂದಳು. ಸ್ವಲ್ಪ ಹೊತ್ತಿನ ಮೇಲೆ ಧ್ವನಿ ತಗ್ಗಿಸಿ, “ಸಾಕಾದ್ರ ಸಿದ್ಧರಾಮನ ಕೆರ್ಯಾಗ ಬಿಟ್ಟುಬಿಡು. ಪುಣ್ಯಾ ಬರ್ತದ.”

ಆ ಪುಣ್ಯ ಬೇಡವೆಂದೆ. ಗಾಜಿನ ಪಾಚಿ ನೆಕ್ಕುತ್ತದೆಂದು ಬೆರಳುದ್ದದ ಸಕ್ಕರ್ ಮೀನು ತರುತ್ತಾರೆ. ಅದು ಅಡಿ ಮೀರಿ ಬೆಳೆಯುತ್ತದೆ, ಕೊನೆಗೆ ಯಾವುದೋ ಕೆರೆಗೆ ಬೀಳುತ್ತದೆ. ದಕ್ಷಿಣ ಅಮೆರಿಕದ ಈ ಜೀವ ಇಂದು ನಮ್ಮ ದೇಶದ ಎಷ್ಟೋ ಕೆರೆ, ಹೊಳೆಗಳಲ್ಲಿ ಬೀಡುಬಿಟ್ಟು ಮೀನುಗಾರರ ಬಲೆ ಹರಿಯುತ್ತಿದೆ. ತೊಟ್ಟಿಗೆ ಹೊಂದದ್ದನ್ನು ಕೆರೆಗೆ ಹಾಕಿದರೆ, ಹೊಂದುತ್ತದೋ ಇಲ್ಲವೋ ಎಂದು ಕೆರೆಯನ್ನು ಯಾರು ಕೇಳಿದ ಹಾಗಾಯಿತು?

ಈಗ ಮನೆಗೆ ಬಂದವರು ತಾವೂ ಒಂದು ತೊಟ್ಟಿ ಇಡಬೇಕೆನ್ನುತ್ತಾರೆ, ಯಾವ ಮೀನು ಚಂದ ಎಂದು ಕೇಳುತ್ತಾರೆ. ನಿಮ್ಮ ಮನೆಯಲ್ಲಿ ಬ್ಯಾಳಿ ಎಷ್ಟು ಸೀಟಿಗೆ ಬೇಯುತ್ತದೆ ಎಂದು ನಾನು ತಿರುಗಿ ಕೇಳುತ್ತೇನೆ.